ಒಂದು ಬೆರಳು ಕೆಳಗೆ

ದೂರು ಠಾಣೆಗೆ ಬಂದದ್ದು ಮಂಗಳವಾರ ಮಧ್ಯಾಹ್ನ ಎರಡು ಗಂಟೆಗೆ, ಎಲ್ಲರೂ ಊಟದ ಡಬ್ಬಿ ಬಿಚ್ಚುವ ಹೊತ್ತಿನಲ್ಲಿ. ತಂದವಳು ಒಬ್ಬ ಲೈನ್‌ಮನ್ನನ ಹೆಂಡತಿ. ಆಸ್ಪತ್ರೆಯಿಂದ ನೆಟ್ಟಗೆ ನಡೆದು ಬಂದಿದ್ದಳು. ಒಂದು ಕಾಲಿನಲ್ಲಿ ಅವಳ ಚಪ್ಪಲಿ, ಇನ್ನೊಂದರಲ್ಲಿ ಗಂಡನದು. ಅದರ ಪರಿವೆಯೇ ಅವಳಿಗಿರಲಿಲ್ಲ. ಇನ್‌ಸ್ಪೆಕ್ಟರ್ ಅದನ್ನು ನೋಡಿ ಡಬ್ಬಿಯ ಮುಚ್ಚಳ ಮತ್ತೆ ಹಾಕಿದರು.

"ಕೂತ್ಕೊಳ್ಳಮ್ಮ. ಮೊದಲು ನೀರು ಕುಡಿ."

"ನೀರು ಬೇಡ ಸಾರ್. ಬರ್ಕೊಳ್ಳಿ. ನನ್ನ ಗಂಡನ್ನ ಅವರ ಸ್ವಂತ ಅಕ್ಕನೇ ಕರೆಂಟ್ ಹೊಡೆಸಿ ಕೊಲ್ಲೋಕೆ ನೋಡಿದ್ದಾಳೆ."

ಹೆಡ್ ಕಾನ್‌ಸ್ಟೇಬಲ್ ಪೆನ್ನು ಹುಡುಕತೊಡಗಿದ. ಠಾಣೆಯಲ್ಲಿ ಅವನಿಗೆ ರೇಡಿಯೊ ಎಂದು ಹೆಸರು. ಒಮ್ಮೆ ಬಾಯಿ ತೆರೆದರೆ ಆರಿಸುವ ಗುಂಡಿ ಎಲ್ಲಿದೆಯೆಂದು ಅವನ ಹೆಂಡತಿಗೂ ಗೊತ್ತಿಲ್ಲ ಎಂಬುದು ಸಹೋದ್ಯೋಗಿಗಳ ಅಂಬೋಣ. ಆವತ್ತು ಅವನೂ ತುಟಿ ಬಿಚ್ಚದೆ ಬರೆದುಕೊಂಡ.

ಹೆಂಗಸು ಹೇಳಿದ್ದು ಇಷ್ಟು. ಬೆಳಗ್ಗೆ ಅವಳ ಗಂಡ ಆರನೇ ಫೀಡರ್‌ನಲ್ಲಿ, ಎಂದರೆ ಊರಿನ ಆರನೇ ವಿದ್ಯುತ್ ಸಾಲಿನಲ್ಲಿ, ಕಂಬದ ಮೇಲೆ ತಂತಿ ಹೊರುವ ಒಡೆದ ಪಿಂಗಾಣಿ ಬಿಲ್ಲೆ ಬದಲಿಸಲು ಹೋಗಿದ್ದ. ಕಂಬಕ್ಕೆ ಏಣಿ ಹಾಕುವ ಮುಂಚೆ ಕಂಟ್ರೋಲ್ ರೂಮಿಗೆ ಫೋನ್ ಮಾಡಿ ಸಾಲಿನ ಕರೆಂಟ್ ತೆಗೆಸಬೇಕು. ತೆಗೆದ ಮೇಲೆ ಅಲ್ಲಿಂದ 'ಲೈನ್ ಕ್ಲಿಯರ್' ಎಂಬ ಮಾತು ಸಿಗುತ್ತದೆ. ಆ ಮಾತು ಸಿಕ್ಕಿತೆಂದರೆ ತಂತಿ ಸತ್ತಿದೆ ಎಂದರ್ಥ. ಅಂದು ಆ ಮಾತು ಕೊಟ್ಟವಳು ಅವನ ಒಡಹುಟ್ಟಿದ ಅಕ್ಕ, ಕಂಟ್ರೋಲ್ ರೂಮಿನ ಆಪರೇಟರ್. ಅಕ್ಕ ಕತ್ತರಿಸಿದ್ದು ಪಕ್ಕದ ಏಳನೇ ಸಾಲನ್ನು. ಜೀವಂತ ತಂತಿಗೆ ಇವನು, ಉಳಿದ ಕರೆಂಟನ್ನು ನೆಲಕ್ಕಿಳಿಸುವ ರಾಡ್ ತಾಗಿಸಿದ ಕೂಡಲೇ ಬೆಂಕಿ ಎದ್ದು ಏಣಿಯಿಂದ ಕೆಳಕ್ಕೆ ಬಿದ್ದ. ಈಗ ತೀವ್ರ ನಿಗಾ ಘಟಕದಲ್ಲಿದ್ದಾನೆ, ಪ್ರಜ್ಞೆಯಿಲ್ಲ.

"ಕೈ ತಪ್ಪಿರಬಹುದಲ್ಲಮ್ಮ?"

"ಊರಿಗೆಲ್ಲ ಲೈನ್ ಕ್ಲಿಯರ್ ಕೊಟ್ಟ ಕೈ ಅದು. ಬೇರೆ ಯಾರಿಗೂ ತಪ್ಪದೆ ತಮ್ಮನಿಗೇ ತಪ್ಪುತ್ತಾ?"

"ಅವರಿಬ್ಬರ ಮಧ್ಯೆ ಏನಾದ್ರೂ ಇತ್ತಾ?"

"ಮಾತು ಬಿಟ್ಟಿದ್ರು. ಗ್ಲೌಸ್ ಹಾಕದೆ ಕಂಬ ಹತ್ತಿದ ಅಂತ ಅಕ್ಕನೇ ಮೇಲಕ್ಕೆ ಹೇಳಿ ಇವರನ್ನ ಸಸ್ಪೆಂಡ್ ಮಾಡಿಸಿದ್ಲು. ಇವರು ಅವಳ ಮನೆಗೇ ಹೋಗಿ ಬಾಯಿಗೆ ಬಂದಿದ್ದು ಅಂದು ಬಂದ್ರು. ಇನ್ಮೇಲೆ ನೀನು ನಂಗೆ ಅಕ್ಕ ಅಲ್ಲ, ಮೇಡಂ ಅಂದ್ರು. ಅವತ್ತಿಂದ ಮೇಡಂ ಅಂತಲೇ ಕರೆಯೋದು."

ಎರಡೂ ಮುಕ್ಕಾಲಿಗೆ ಎಫ್‌ಐಆರ್ ದಾಖಲಾಯಿತು. ಕೊಲೆ ಯತ್ನದ ಕಲಂ. ಆರೋಪಿಯ ಜಾಗದಲ್ಲಿ ಗಾಯಾಳುವಿನ ಅಕ್ಕನ ಹೆಸರು ಬರೆಯುವಾಗ ರೇಡಿಯೊ ಒಂದು ಕ್ಷಣ ಪೆನ್ನು ಎತ್ತಿ ಹಿಡಿದ.

"ಸಾರ್, ನಂಗೂ ಒಬ್ಬಳು ಅಕ್ಕ ಇದ್ದಾಳೆ. ಚಿಕ್ಕವನಿದ್ದಾಗ ನನ್ನ ಬಾವಿಗೆ ತಳ್ಳಿದ್ದಾಳೆ. ಆದ್ರೂ ಎತ್ತಿದ್ದೂ ಅವಳೇ."

"ಬರಿ, ಬರಿ," ಎಂದರು ಇನ್‌ಸ್ಪೆಕ್ಟರ್.

ಕಂಟ್ರೋಲ್ ರೂಮಿಗೆ ಕಿಟಕಿಗಳಿರಲಿಲ್ಲ. ಬಾಗಿಲು ಮುಚ್ಚಿದರೆ ಹೊರಗೆ ಬಿಸಿಲೋ ಮೋಡವೋ ತಿಳಿಯದಂಥ ಜಾಗ. ಒಂದು ಉದ್ದನೆಯ ಮೇಜು, ಎರಡು ಫೋನು, ಬೆನ್ನಿಗೆ ಸ್ವೆಟರ್ ನೇತುಹಾಕಿದ ಒಂದು ಕುರ್ಚಿ, ಅದರ ಮುಂದೆ ಬಾಗಿಲಿನಷ್ಟು ಅಗಲದ ಪರದೆ. ಪರದೆಯ ತುಂಬ ಊರಿನ ವಿದ್ಯುತ್ ಜಾಲದ ನಕ್ಷೆ. ಸಾಲು ಸಾಲು ಚೌಕಗಳು, ಅವನ್ನು ಕೂಡಿಸುವ ಗೆರೆಗಳು. ಒಂದೊಂದು ಚೌಕಕ್ಕೂ ಅಲ್ಲಿಯವರು 'ಮನೆ' ಎನ್ನುತ್ತಿದ್ದರು: ಆರನೇ ಮನೆ, ಏಳನೇ ಮನೆ. ಕರೆಂಟ್ ಇದ್ದರೆ ಕೆಂಪು, ಇಲ್ಲದಿದ್ದರೆ ಹಸಿರು. ಈ ನಕ್ಷೆಯನ್ನು ಯಾರೂ ಕೈಯಿಂದ ಬರೆಯುವುದಿಲ್ಲ. ಹೊಸ ಕಂಬ, ಹೊಸ ಸಾಲು ಸೇರಿದ ಹಾಗೆ ಕಂಪ್ಯೂಟರ್ ತಾನೇ ಬರೆದುಕೊಳ್ಳುತ್ತದೆ. ಯಾವ ಜಾಗದಲ್ಲಿ ಮೌಸ್ ಒತ್ತಿದರೆ ಯಾವ ಸಾಲಿಗೆ ಆಜ್ಞೆ ಹೋಗಬೇಕೆಂಬುದನ್ನೂ ತಾನೇ ಅಳೆದು ಗುರುತು ಹಾಕಿಕೊಳ್ಳುತ್ತದೆ.

ಇದನ್ನೆಲ್ಲ ವಿವರಿಸಿದವನು ಆ ವ್ಯವಸ್ಥೆಯನ್ನು ಕಟ್ಟಿದವನೇ. ಕಚೇರಿಯಲ್ಲಿ ಅವನನ್ನು ಎಲ್ಲರೂ ನಕ್ಷೆಯವನು ಎಂದೇ ಕರೆಯುತ್ತಿದ್ದರು. ಮೂವತ್ತೈದರ ಆಸುಪಾಸು, ಇಸ್ತ್ರಿ ಮುರಿಯದ ಅಂಗಿ, ಮಾತಿನಲ್ಲಿ ತೂಕ. ಕೇಳುವ ಮುಂಚೆಯೇ ದಾಖಲೆಯ ಪ್ರತಿಯನ್ನು ತೆಗೆದಿಟ್ಟಿದ್ದ.

"ನೋಡಿ ಸಾರ್. ಹತ್ತು ನಲವತ್ತೊಂದಕ್ಕೆ ಏಳನೇ ಫೀಡರ್ ಬಂದ್. ಆಜ್ಞೆ ಇದೇ ಮೇಜಿಂದ ಹೋಗಿದೆ. ಮಿಷನ್ನಿಗೆ ಅಕ್ಕನೂ ಗೊತ್ತಿಲ್ಲ, ತಮ್ಮನೂ ಗೊತ್ತಿಲ್ಲ."

"ನಕ್ಷೆಯಲ್ಲೇ ಏನಾದ್ರೂ ದೋಷ ಇರಬಹುದಾ?"

"ಇಲ್ಲ ಸಾರ್." ತಗ್ಗಿದ ದನಿಯಲ್ಲಿ ಹೇಳಿದ, "ಅವರಿಗೆ ಕಣ್ಣು ಸ್ವಲ್ಪ ತೊಂದರೆ ಇದೆ. ಹೋದ ವರ್ಷ ನಾನೇ ಸಾಹೇಬರಿಗೆ ಹೇಳಿ ಡಾಕ್ಟರ ಹತ್ರ ಕಳಿಸಿದ್ದೆ."

ಅಕ್ಕ ಪಕ್ಕದ ಕೋಣೆಯಲ್ಲಿದ್ದಳು. ಕಚೇರಿಯವರಿಗೆಲ್ಲ ಅವಳು ಅಕ್ಕನೇ. ಅವಳಿಗಿಂತ ಹಿರಿಯರೂ ಹಾಗೇ ಕರೆಯುತ್ತಿದ್ದರು. ಕೈಗಳೆರಡನ್ನೂ ತೊಡೆಯ ಕೆಳಗೆ ಸೇರಿಸಿ ಕೂತಿದ್ದಳು. ತೆಳು ಚೌಕಟ್ಟಿನ ಕನ್ನಡಕ ಮೂಗಿನ ತುದಿಗೆ ಜಾರಿತ್ತು.

"ಯಾವುದನ್ನ ಒತ್ತಿದ್ರಿ?"

"ಆರನ್ನೇ ಒತ್ತಿದೆ ಸಾರ್."

"ದಾಖಲೆ ಏಳು ಅನ್ನುತ್ತೆ."

"ದಾಖಲೆ ಏನನ್ನುತ್ತೋ ನಾ ಕಾಣೆ. ದಿನಾ ಆರನ್ನ ಹೇಗೆ ಒತ್ತುತೀನೋ ಹಾಗೇ ಒತ್ತಿದೆ."

"ಒತ್ತಿದ ಮೇಲೆ ಪರದೆ ಏನೂ ಹೇಳಲ್ವಾ?"

"ಖಚಿತವೇ ಅಂತ ಕೇಳುತ್ತೆ. ಯಾವುದು ಅಂತ ಹೇಳಲ್ಲ. ಹೌದು ಅಂದ್ರೆ ಮುಗೀತು. ಚಿತ್ರ ಮತ್ತೆ ಬರ್ಕೊಂಡು ಬಂದ ಮೇಲೆ ಆ ಮನೆ ಹಸಿರಾಗುತ್ತೆ. ಅದಕ್ಕೆ ಐದಾರು ನಿಮಿಷ ಹಿಡಿಯುತ್ತೆ."

"ಹಸಿರಾಗೋವರೆಗೆ ಕಾದ್ರಾ?"

ಅವಳು ತಲೆ ತಗ್ಗಿಸಿದಳು. "ಇಲ್ಲ ಸಾರ್. ಕಾಯಬೇಕು ಅಂತಿದೆ, ಯಾರೂ ಕಾಯಲ್ಲ. ಬಿಸಿಲಲ್ಲಿ ಕಂಬದ ಬುಡದಲ್ಲಿ ನಿಂತಿರ್ತಾನಲ್ಲ ಅಂತ... ಕಾದಿದ್ರೆ ಏಳು ಹಸಿರಾಗಿದ್ದು ಕಾಣ್ತಿತ್ತು. ಅದು ನನ್ನ ತಪ್ಪೇ. ಅದನ್ನೂ ಬರ್ಕೊಳ್ಳಿ."

ಕಂಟ್ರೋಲ್ ರೂಮಿನ ಫೋನಿನ ಮಾತೆಲ್ಲ ಧ್ವನಿಮುದ್ರಣವಾಗುತ್ತದೆ. ಇನ್‌ಸ್ಪೆಕ್ಟರ್ ಆ ಬೆಳಗಿನ ಕರೆಯನ್ನು ತರಿಸಿ ಕೇಳಿದರು.

"ಆರನೇ ಫೀಡರ್, ಶಾಲೆ ಹಿಂದಿನ ಕಂಬ. ಲೈನ್ ಕ್ಲಿಯರ್ ಬೇಕು ಮೇಡಂ." ಗಂಡಸಿನ ದನಿ, ಒಣಕಲು.

"ಇರು." ಮೌಸ್ ಒತ್ತಿದ ಸದ್ದು. "ಆರು ತೆಗೆದಿದೀನಿ. ಲೈನ್ ಕ್ಲಿಯರ್ ತಗೋ."

"ಸರಿ ಮೇಡಂ."

"ಗ್ಲೌಸ್ ಹಾಕಿದೀಯಾ?"

"ಹಾಕಿದೀನಿ ಮೇಡಂ."

"ಮೊದಲು ರಾಡ್ ತಾಗಿಸಿ ಅರ್ತ್ ಮಾಡು. ಹಾಗೇ ಕೈ ಹಾಕಬೇಡ."

"ಗೊತ್ತು ಮೇಡಂ. ಕಲಿಸಿದ್ದೀರಲ್ಲ ಚೆನ್ನಾಗಿ."

ಫೋನ್ ಇಟ್ಟ ಸದ್ದು. ರೇಡಿಯೊ ಮೂಗೊರೆಸಿಕೊಂಡ. "ಕೊಲ್ಲೋಳು ಗ್ಲೌಸ್ ಹಾಕು ಅಂತ ಹೇಳ್ತಾಳಾ ಸಾರ್?"

"ಮುದ್ರಣ ಆಗ್ತಿದೆ ಅಂತ ಗೊತ್ತಿದ್ದೋಳು ಹೇಳಬಹುದು," ಎಂದರು ಇನ್‌ಸ್ಪೆಕ್ಟರ್. ಅವರಿಗೆ ತಮ್ಮ ಮಾತು ತಮಗೇ ಹಿಡಿಸಲಿಲ್ಲ.

ಸಂಜೆ ಐದಕ್ಕೆ ಇಬ್ಬರು ಪಂಚರನ್ನು ಕರೆಸಿ ಕಂಟ್ರೋಲ್ ರೂಮಿನ ಪಂಚನಾಮೆ ಶುರುವಾಯಿತು. ಅಳತೆ ಹಿಡಿಯುತ್ತಿದ್ದ ರೇಡಿಯೊ ಪರದೆಯ ಹತ್ತಿರ ಮೂತಿ ಒಯ್ದು ನಿಂತುಬಿಟ್ಟ.

"ಏನ್ ಸಾರ್ ಇದು, ಗಾಜಿನ ತುಂಬ ಎಣ್ಣೆ ಬೆರಳು. ಮೌಸ್ ಇರುವಾಗ ಪರದೆ ಯಾಕೆ ಮುಟ್ತಾರೆ? ನಮ್ಮನೆ ಟೀವಿನೇ ಇದಕ್ಕಿಂತ ಚೊಕ್ಕ."

ಇನ್‌ಸ್ಪೆಕ್ಟರ್ ಬಗ್ಗಿ ನೋಡಿದರು. ಗುರುತುಗಳು ಅಡ್ಡಾದಿಡ್ಡಿಯಾಗಿರಲಿಲ್ಲ. ಪ್ರತಿ ಮನೆಯ ತಳಕ್ಕೂ ಅಂಟಿಕೊಂಡಂತೆ, ಅಡ್ಡಲಾಗಿ ಮಲಗಿಸಿದ ಒಂದೊಂದು ಬೆರಳಿನ ಜಿಡ್ಡು. ಮನೆಯ ಮೇಲೆ ಒಂದೂ ಇಲ್ಲ.

ಸಂಜೆ ಪಾಳಿಯ ಆಪರೇಟರ್ ನಿವೃತ್ತಿಗೆ ಹತ್ತಿರವಾದ ಗಂಡಸು, ಎಲ್ಲರಿಗೂ ತಾತ. ಪರದೆಗೆ ಎರಡು ಬಗೆಯುಂಟು ಎಂದು ಅವನು ಹೇಳಿದ. ಆಜ್ಞೆ ಕೊಡುವುದು ಒಂದು, ಬರೀ ನೋಡುವುದು ಇನ್ನೊಂದು. ನೋಡುವ ಬಗೆಯಲ್ಲಿ ಯಾವ ಮನೆ ಒತ್ತಿದರೆ ಆ ಸಾಲಿನ ಹೆಸರು, ವಿವರ ಒಂದು ಪುಟ್ಟ ಕಿಟಕಿಯಲ್ಲಿ ಬರುತ್ತದೆ, ಕರೆಂಟೇನೂ ಹೋಗುವುದಿಲ್ಲ.

"ನೋಡುವ ಬಗೆಗೆ ಹಾಕಿ, ಆರನ್ನ ತೋರಿಸಿ," ಎಂದರು ಇನ್‌ಸ್ಪೆಕ್ಟರ್.

ತಾತ ಎಡಗೈಯ ತೋರುಬೆರಳನ್ನು ಆರನೇ ಮನೆಯ ತಳಕ್ಕೆ ಅಡ್ಡ ಹಿಡಿದ. ಬಲಗೈಯಲ್ಲಿ ಮೌಸಿನ ಬಾಣವನ್ನು ಆ ಬೆರಳಿಗಿಂತ ಕೆಳಕ್ಕೆ ತಂದ. ಅದು ಹೋಗಿ ಕೂತದ್ದು ಏಳನೇ ಮನೆಯ ನೆತ್ತಿಯ ಮೇಲೆ. ಒತ್ತಿದ. ಕಿಟಕಿ ತೆರೆಯಿತು: 'ಆರನೇ ಫೀಡರ್.'

"ಇದೇನು, ಏಳನ್ನ ಒತ್ತಿದ್ರೆ ಆರು ಬರುತ್ತೆ?"

"ಇಲ್ಲಿ ಹೀಗೇ ಸಾರ್. ಒಂದು ಬೆರಳು ಕೆಳಗೆ ಒತ್ತಬೇಕು. ಹೊಸದಾಗಿ ಬಂದೋರಿಗೆ ಅದೇ ಮೊದಲ ಪಾಠ. ಹೋದ ವರ್ಷ ನಕ್ಷೆ ಮೇಲ್ಗಡೆ ಕಚೇರಿ ಹೆಸರಿನ ಪಟ್ಟಿ ಒಂದಿತ್ತು. ನಮ್ಮ ಹೆಸರು ನಮಗೆ ಗೊತ್ತಿಲ್ವಾ, ಜಾಗ ತಿನ್ನುತ್ತೆ, ತೆಗೀರಿ ಅಂದ್ರು ದೊಡ್ಡ ಸಾಹೇಬರು. ತೆಗೆದ್ರು. ಚಿತ್ರ ಮೇಲಕ್ಕೆ ಸರೀತು, ಒತ್ತೋ ಜಾಗಗಳು ಇದ್ದಲ್ಲೇ ಇದ್ವು. ಅವತ್ತಿಂದ ಹೀಗೆ."

"ಯಾರೂ ಹೇಳಲಿಲ್ವಾ?"

"ಅಕ್ಕ ಹೇಳಿದ್ಲು. ಬೇಸರ ಬರೋವಷ್ಟು ಹೇಳಿದ್ಲು. ಅವಳಿಗೆ ಕನ್ನಡಕ ಬಂತು." ತಾತ ನಗಲು ನೋಡಿ ಬಿಟ್ಟ. "ಆಮೇಲೆ ನಾವೂ ಸುಮ್ಮನಾದ್ವಿ. ಕೈ ಒಗ್ಗಿಹೋಯ್ತು. ಈಗ ಮನೆಗೆ ಹೋಗಿ ಫೋನ್ ಒತ್ತಿದ್ರೂ ಒಂದು ಬೆರಳು ಕೆಳಗೇ ಹೋಗುತ್ತೆ. ಮೊನ್ನೆ ಮಗಳಿಗೆ ಮಾಡೋಕೆ ಹೋಗಿ ಬೀಗರಿಗೆ ಮಾಡಿದೆ."

ಇನ್‌ಸ್ಪೆಕ್ಟರ್‌ಗೆ ನಗು ಬರಲಿಲ್ಲ. ನಕ್ಷೆ ಓರೆಯಾಗಿದ್ದದ್ದು ನಿಜ. ಆದರೆ ಅದು ಅಕ್ಕನ ಪರವಾಗಿರಲಿಲ್ಲ, ಅವಳ ಕೊರಳಿಗೇ ಸುತ್ತಿಕೊಳ್ಳುತ್ತಿತ್ತು. ದಿನವೂ ಒತ್ತುವಂತೆಯೇ ಒತ್ತಿದ್ದರೆ ಆರೇ ಹೋಗಬೇಕಿತ್ತು. ಈಗಷ್ಟೇ ತಾತ ಒತ್ತಿ ತೋರಿಸಿದ್ದಾನೆ. ಏಳು ಹೋಗಬೇಕಾದರೆ ಅವಳು ಬೆರಳನ್ನು ಏಳರ ಕೆಳಗೇ ಇಟ್ಟಿರಬೇಕು. ಎಂದರೆ ಆರು ಎಂದು ಬಾಯಲ್ಲಿ ಹೇಳಿ, ಕೈಯಲ್ಲಿ ಏಳನ್ನು ಒತ್ತಿರಬೇಕು.

ಪಂಚನಾಮೆಗೆ ಸಹಿ ಹಾಕಿಸಿಕೊಂಡು ಹೊರಬರುವಾಗ ಮೇಲಧಿಕಾರಿಯ ಫೋನು ಬಂತು.

"ಹಗೆ ಇದೆ, ಅವಕಾಶ ಇದೆ, ದಾಖಲೆ ಇದೆ. ಇನ್ನೇನು ಬೇಕ್ರೀ ನಿಮಗೆ, ಆಯಮ್ಮ ಬಂದು ಹಾಡು ಕಟ್ಟಿ ಹೇಳಬೇಕಾ? ನಾಳೆ ಸಂಜೆ ಆರಕ್ಕೆ ಬಂಧನ ತೋರಿಸಿ."

"ತೋರಿಸ್ತೀನಿ ಸಾರ್," ಎಂದರು ಇನ್‌ಸ್ಪೆಕ್ಟರ್. ಯಾರದ್ದು ಎಂದು ಹೇಳಲಿಲ್ಲ.

ಬುಧವಾರ ಬೆಳಗ್ಗೆ ಅವರು ಮೊದಲು ಹೋದದ್ದು ಆಸ್ಪತ್ರೆಗೆ. ಲೈನ್‌ಮನ್ನನಿಗೆ ಇನ್ನೂ ಎಚ್ಚರವಾಗಿರಲಿಲ್ಲ. ಮೊಣಕೈಯಿಂದ ಭುಜದವರೆಗೆ ಸುಟ್ಟಿದೆ, ಪಕ್ಕೆಲುಬು ಮುರಿದಿದೆ, ಅಂಗೈ ಮಾತ್ರ ಉಳಿದಿದೆ, ಗ್ಲೌಸ್ ಇಲ್ಲದಿದ್ದರೆ ಆ ಕೈಗಳೇ ಇರುತ್ತಿರಲಿಲ್ಲ ಎಂದರು ಡಾಕ್ಟರು. ಹೆಂಡತಿ ಬಾಗಿಲ ಮುಂದಿನ ಬೆಂಚಿನ ಮೇಲಿದ್ದಳು. ಅಕ್ಕ ಕೆಳಗಿನ ಮೆಟ್ಟಿಲ ಮೇಲೆ, ಮಹಿಳಾ ಕಾನ್‌ಸ್ಟೇಬಲ್ ಪಕ್ಕದಲ್ಲಿ.

"ಅವಳನ್ನ ಮೇಲಕ್ಕೆ ಬರೋಕೆ ಬಿಡಬೇಡಿ ಸಾರ್," ಎಂದಳು ಹೆಂಡತಿ. "ಬೆಳಗ್ಗಿಂದ ಅಲ್ಲೇ ಕೂತಿದ್ದಾಳೆ. ಅವಳ ಉಸಿರೂ ಇವರಿಗೆ ತಾಗಬಾರದು."

ಕೆಳಗಿಳಿಯುವಾಗ ಅಕ್ಕ ಎದ್ದು ನಿಂತಳು. "ಗ್ಲೌಸ್ ಹಾಕಿದ್ನಾ ಸಾರ್?"

"ಹಾಕಿದ್ದ."

ಅವಳು ಮತ್ತೆ ಕೂತಳು.

ಮಧ್ಯಾಹ್ನ ಮೂರೂವರೆಗೆ ಇನ್‌ಸ್ಪೆಕ್ಟರ್ ವಿದ್ಯುತ್ ಕಚೇರಿಯ ದೊಡ್ಡ ಸಾಹೇಬರ ಕೋಣೆಯಲ್ಲಿದ್ದರು. ಅಕ್ಕನ ಸೇವಾ ಕಡತ ಬೇಕಿತ್ತು. ಸಾಹೇಬರು ದುಂಡು ಮುಖದ ಮನುಷ್ಯ. ನಿನ್ನೆಯಿಂದ ನಿದ್ದೆಯಿಲ್ಲದೆ ಇನ್ನೂ ದುಂಡಗೆ ಊದಿಕೊಂಡಿದ್ದರು.

"ನಮ್ಮ ಗ್ರಹಚಾರ ನೋಡಿ ಸಾರ್. ಹೊರಗಿಂದ ಅತಿಥಿಗಳು ಬಂದಿದ್ದು ನಿನ್ನೆಯೇ. ನಮ್ಮ ನಕ್ಷೆ ನೋಡೋಕೆ ಅಂತಲೇ ಬಂದಿದ್ರು. ಮೇಲಿನ ಸಭಾಂಗಣದಲ್ಲಿ ನಾನೇ ಖುದ್ದು ತೋರಿಸ್ತಿದ್ದೆ. ಚಪ್ಪಾಳೆ ನಿಂತಿತ್ತೋ ಇಲ್ಲವೋ, ಕೆಳಗಿಂದ ಸುದ್ದಿ ಬಂತು."

ಮೇಜಿನ ಮೇಲೆ ಆ ದಿನದ ಫೋಟೊ ಇತ್ತು. ಚೌಕಟ್ಟಿಗೆ ಕೊಡಲೆಂದು ದೊಡ್ಡದಾಗಿ ಮುದ್ರಿಸಿ ತರಿಸಿದ್ದು, ಈಗ ಎತ್ತಿಡಲು ಮನಸ್ಸಿಲ್ಲದೆ, ತೋರಿಸಲು ಮುಖವಿಲ್ಲದೆ ಅಲ್ಲೇ ಬಿದ್ದಿತ್ತು. ಇನ್‌ಸ್ಪೆಕ್ಟರ್ ಸುಮ್ಮನೆ ಕಣ್ಣಾಡಿಸಿದರು. ಸಾಹೇಬರ ಕೈ ಮೌಸಿನ ಮೇಲೆ. ಹಿಂದೆ ಗೋಡೆಗೆ ದೊಡ್ಡ ಪರದೆ, ಅದರ ಮೇಲೆ ಅದೇ ನಕ್ಷೆ, ಒಂದು ಕಿಟಕಿ ತೆರೆದುಕೊಂಡಿದೆ. ನೋಡಿ ಕೆಳಗಿಟ್ಟರು. ತುತ್ತಿನಲ್ಲಿ ಕಲ್ಲು ಸಿಕ್ಕಂತಾಗಿ ಮತ್ತೆ ಎತ್ತಿಕೊಂಡರು.

ಬಿಳಿಯ ಬಾಣ ಹನ್ನೆರಡನೇ ಮನೆಯ ನಟ್ಟನಡುವೆ ಇತ್ತು. ತೆರೆದ ಕಿಟಕಿಯಲ್ಲಿ ಹೆಸರು: 'ಹನ್ನೆರಡನೇ ಫೀಡರ್.'

ಆ ಫೋಟೊವನ್ನು ಕಚೇರಿಯವರೆಲ್ಲ ನೋಡಿದ್ದರು. ಹನ್ನೆರಡನ್ನು ಒತ್ತಿದರೆ ಹನ್ನೆರಡು ಬಂದಿದೆ, ಅದರಲ್ಲಿ ನೋಡುವುದಾದರೂ ಏನು?

"ಇದು ತೆಗೆದಿದ್ದು ಎಷ್ಟು ಗಂಟೆಗೆ?"

ಸಾಹೇಬರ ಕಾರ್ಯದರ್ಶಿ ತನ್ನ ಫೋನು ತೆರೆದು ನೋಡಿದ. ಮಂಗಳವಾರ, ಹತ್ತು ಇಪ್ಪತ್ತು. ಅವಘಡಕ್ಕೆ ಇಪ್ಪತ್ತು ನಿಮಿಷ ಮುಂಚೆ.

ಇನ್‌ಸ್ಪೆಕ್ಟರ್ ಫೋಟೊವನ್ನು ಜೇಬಿಗೆ ಸೇರದಷ್ಟು ದೊಡ್ಡದೆಂದು ಕಂಕುಳಲ್ಲಿ ಇಟ್ಟುಕೊಂಡು ಆಸ್ಪತ್ರೆಗೆ ಗಾಡಿ ಓಡಿಸಿದರು. ಮೆಟ್ಟಿಲ ಮೇಲೆ ಕೂತಿದ್ದ ಅಕ್ಕನ ಕೈಗೆ ಕೊಟ್ಟರು. "ಇದರಲ್ಲಿ ಏನಾದ್ರೂ ಕಾಣುತ್ತಾ?"

ಅವಳು ಕನ್ನಡಕ ಸರಿಪಡಿಸಿಕೊಂಡು ನೋಡಿದಳು. ಮೊದಲು ಸಾಹೇಬರನ್ನು, ಅತಿಥಿಗಳನ್ನು. ಆಮೇಲೆ ಪರದೆಯನ್ನು. ಅವಳ ಎಡಗೈ ತೋರುಬೆರಳು ತಾನಾಗಿ ಹೋಗಿ ಫೋಟೊದಲ್ಲಿನ ಹನ್ನೆರಡನೇ ಮನೆಯ ಕೆಳಗೆ ಮಲಗಿತು. ಅಲ್ಲೇ ನಿಂತಿತು.

"ಇದು ತಪ್ಪು ಸಾರ್. ನಡುಮಧ್ಯೆ ಒತ್ತಿದ್ರೆ ಹನ್ನೆರಡು ಬರಲ್ಲ. ಹನ್ನೊಂದು ಬರಬೇಕು." ಅವಳು ತಲೆಯೆತ್ತಿದಳು. ಮುಖದ ಬಣ್ಣ ಇಳಿದುಹೋಗಿತ್ತು. "ಸರಿ ಮಾಡಿದ್ರಾ? ಯಾವಾಗ ಸರಿ ಮಾಡಿದ್ರು? ನಮಗೆ ಯಾರೂ ಹೇಳಲೇ ಇಲ್ಲವಲ್ಲ."

ನಾಲ್ಕೂ ಮುಕ್ಕಾಲಿಗೆ ಇನ್‌ಸ್ಪೆಕ್ಟರ್ ಸಭಾಂಗಣದಲ್ಲಿದ್ದರು. ಪಂಚರನ್ನು ಮತ್ತೆ ಕರೆಸಲಾಗಿತ್ತು. ದೊಡ್ಡ ಸಾಹೇಬರು ಒಂದು ಮೂಲೆಯಲ್ಲಿ, ಬಾಗಿಲಿಗೆ ಒರಗಿ ರೇಡಿಯೊ. ನಕ್ಷೆಯವನು ಬಂದ. ಎಲ್ಲರನ್ನೂ ನೋಡಿ ಅಂಗಿಯ ತೋಳು ಎಳೆದುಕೊಂಡ.

"ಏನ್ ಸಾರ್, ಇನ್ನೂ ದಾಖಲೆ ಬೇಕಿತ್ತಾ?"

"ಒಂದು ಸಣ್ಣ ಕೆಲಸ. ನಿನ್ನೆ ನೀವು ನಕ್ಷೆಯಲ್ಲಿ ದೋಷ ಇಲ್ಲ ಅಂದ್ರಿ ಅಲ್ವಾ?"

"ಹೌದು ಸಾರ್."

"ಹಾಗಾದ್ರೆ ಇಲ್ಲಿ ಕೂತು, ನೋಡುವ ಬಗೆಯಲ್ಲಿ, ಹನ್ನೆರಡನೇ ಫೀಡರ್ ತೆರೆದು ತೋರಿಸಿ. ಅಷ್ಟೇ."

ಅವನು ಕೂತ. ಮೌಸ್ ಹಿಡಿದ. ಗೋಡೆಯ ಪರದೆಯ ಮೇಲೆ ಬಾಣ ಸರಾಗವಾಗಿ ಹೊರಟು ಹನ್ನೆರಡನೇ ಮನೆಯ ನಡುವಿಗೆ ಬಂತು. ಅಲ್ಲಿ ನಿಂತಿತು. ಸ್ವಲ್ಪ ಕೆಳಕ್ಕೆ ಸರಿಯಿತು. ಮತ್ತೆ ಮೇಲಕ್ಕೆ ಬಂತು.

ನಡುವೆ ಒತ್ತಿದರೆ ಹನ್ನೊಂದು ತೆರೆಯುತ್ತದೆ, ನಕ್ಷೆ ಓರೆಯೆಂದು ಎಲ್ಲರಿಗೂ ಕಾಣುತ್ತದೆ. ಬೆರಳು ಕೆಳಗೆ ಒತ್ತಿದರೆ ಹನ್ನೆರಡು ತೆರೆಯುತ್ತದೆ, ಓರೆಯಿರುವುದು ಅವನಿಗೆ ಮೊದಲೇ ಗೊತ್ತಿತ್ತೆಂದು ಕಾಣುತ್ತದೆ. ಬಾಣ ಗಾಳಕ್ಕೆ ಸಿಕ್ಕ ಮೀನಿನ ಹಾಗೆ ಆ ಎರಡು ಜಾಗಗಳ ನಡುವೆ ಮಿಸುಕಾಡಿತು.

"ಯಾಕೆ, ಒತ್ತಿ," ಎಂದರು ದೊಡ್ಡ ಸಾಹೇಬರು. ಅವರಿಗೆ ಇನ್ನೂ ಏನೂ ಗೊತ್ತಾಗಿರಲಿಲ್ಲ. "ನಿನ್ನೆ ನಾನು ಒತ್ತಿದಾಗ ಬಂತಲ್ಲ, ನಡುವೆ ಒತ್ತಿ."

"ಅಲ್ಲೇ ಇರೋದು ಗಂಟು," ಎಂದರು ಇನ್‌ಸ್ಪೆಕ್ಟರ್. ಫೋಟೊವನ್ನು ನಕ್ಷೆಯವನ ಮುಂದೆ ಇಟ್ಟರು. "ಮಂಗಳವಾರ ಹತ್ತು ಇಪ್ಪತ್ತಕ್ಕೆ ಇದು ಸರಿಯಿತ್ತು. ಐದು ಗಂಟೆಗೆ ನಾನು ಪಂಚನಾಮೆ ಮಾಡುವಾಗ ಮತ್ತೆ ಓರೆ. ಇದನ್ನ ಮುಟ್ಟೋಕೆ ಅಧಿಕಾರ ಇರೋದು ಯಾರಿಗೆ?"

ಅವನು ಮೌಸ್ ಬಿಟ್ಟ. ಬಾಣ ಪರದೆಯ ಮೇಲೆ ಎರಡು ಮನೆಗಳ ನಡುವೆ ಹಾಗೇ ಉಳಿಯಿತು.

"ನಂಗೊಬ್ಬನಿಗೇ ಸಾರ್."

"ಯಾವಾಗ ಸರಿ ಮಾಡಿದ್ರಿ?"

"ಮಂಗಳವಾರ ಬೆಳಗ್ಗೆ, ಒಂಬತ್ತಕ್ಕೆ. ಸಾಹೇಬರು ಅತಿಥಿಗಳ ಮುಂದೆ ತಾವೇ ಒತ್ತಿ ತೋರಿಸ್ತೀನಿ ಅಂದ್ರು. ಅವರು ಎಲ್ಲರ ಹಾಗೆ ನಡುವೆ ಒತ್ತುತಾರೆ. ತಪ್ಪು ಕಿಟಕಿ ತೆರೀತಿತ್ತು."

"ಆಪರೇಟರ್‌ಗೆ ಹೇಳಿದ್ರಾ?"

"ಇಲ್ಲ."

"ಯಾಕೆ?"

ಅವನು ಅಂಗಿಯ ತೋಳನ್ನು ಮತ್ತೆ ಎಳೆದುಕೊಂಡ.

"ಮತ್ತೆ ಯಾವಾಗ ಕೆಡಿಸಿದ್ರಿ?"

"ಹನ್ನೊಂದು ಗಂಟೆಗೆ. ಸುದ್ದಿ ಬಂದ ಮೇಲೆ. ಎಲ್ಲರೂ ಕೆಳಗೆ ಓಡಿದ್ರು, ನಾನು ನನ್ನ ಕೋಣೆಗೆ ಹೋದೆ."

"ಆಯಮ್ಮನ ಕೈ ಆರರ ಜಾಗಕ್ಕೇ ಹೋಗಿತ್ತು ಅಂತ ನಿಮಗೆ ಆಗಲೇ ಗೊತ್ತಿತ್ತು."

"ಗೊತ್ತಿತ್ತು."

"ಗೊತ್ತಿದ್ದೂ ನಿನ್ನೆ ನನ್ನ ಮುಂದೆ ನಿಂತು ಕಣ್ಣು ಸರಿಯಿಲ್ಲ ಅಂದ್ರಿ."

"ಕೈ ತಪ್ಪು ಅಂತಾಗಿ ಒಂದು ಮೆಮೊದಲ್ಲಿ ಮುಗಿಯುತ್ತೆ ಅಂದ್ಕೊಂಡೆ ಸಾರ್. ಅವರ ತಮ್ಮನ ಹೆಂಡತಿ ಕೊಲೆ ಅಂತ ದೂರು ಕೊಡ್ತಾರೆ ಅಂತ ನಂಗೇನು ಗೊತ್ತು. ಆಮೇಲೆ ಹೇಳೋಕೆ ಬಾಯೇ ಬರಲಿಲ್ಲ."

ಬಾಗಿಲ ಬಳಿಯಿಂದ ರೇಡಿಯೊ, ಯಾರಿಗೂ ಅಲ್ಲವೆಂಬಂತೆ, ಹೇಳಿದ, "ನಮಗೆ ಬಾಯಿ ಮುಚ್ಚೋಕೆ ಬರಲ್ಲ, ಇವರಿಗೆ ತೆರೆಯೋಕೆ ಬರಲ್ಲ."

ಅವನ ಕಂಪ್ಯೂಟರನ್ನು ಪಂಚರ ಮುಂದೆ ವಶಕ್ಕೆ ತೆಗೆದುಕೊಳ್ಳಲಾಯಿತು. ಸೈಬರ್ ವಿಭಾಗದಿಂದ ಬಂದ ತಜ್ಞೆ ಒಂದೇ ಗಂಟೆಯಲ್ಲಿ ಎರಡು ತಿದ್ದುಪಡಿಗಳನ್ನೂ, ಅವುಗಳ ಹೊತ್ತನ್ನೂ ಹೊರತೆಗೆದಳು. ಅವನು ಹೇಳಿದ್ದಕ್ಕೆ ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಸಂಜೆ ಆರಕ್ಕೆ ಇನ್‌ಸ್ಪೆಕ್ಟರ್ ಮೇಲಧಿಕಾರಿಗೆ ಬಂಧನ ತೋರಿಸಿದರು. ನಿರ್ಲಕ್ಷ್ಯದಿಂದ ಪ್ರಾಣಾಪಾಯ, ಸಾಕ್ಷ್ಯನಾಶ, ತನಿಖೆಗೆ ಸುಳ್ಳು ಮಾಹಿತಿ. ಎಫ್‌ಐಆರ್‌ನಿಂದ ಅಕ್ಕನ ಹೆಸರು ಕೈಬಿಡಲು ನ್ಯಾಯಾಲಯಕ್ಕೆ ವರದಿ ಹೋಯಿತು. ಹಸಿರಾಗುವವರೆಗೆ ಕಾಯದೆ ಲೈನ್ ಕ್ಲಿಯರ್ ಕೊಟ್ಟದ್ದನ್ನು ಅವಳು ಹೇಳಿದ ಮಾತಿನಲ್ಲೇ ಬರೆದು ಇಲಾಖೆಗೆ ಬೇರೆಯಾಗಿ ಕಳಿಸಿದರು. ಅದನ್ನು ಬಿಡಿ ಎಂದು ಅವಳೂ ಕೇಳಲಿಲ್ಲ.

ಹೇಳಿಕೆ ಬರೆಸುವಾಗ ನಕ್ಷೆಯವನು 'ಯಾಕೆ' ಎಂಬ ಆ ಉಳಿದ ಪ್ರಶ್ನೆಗೆ ಉತ್ತರ ಕೊಟ್ಟ. ಹೋದ ವರ್ಷ ಅಕ್ಕ ಬಂದು ಒತ್ತುವ ಜಾಗ ಓರೆಯಾಗಿದೆ ಎಂದಾಗ ಅವನು ಪರೀಕ್ಷಿಸಿಯೂ ನೋಡಿರಲಿಲ್ಲ. ತಾನು ಕಟ್ಟಿದ್ದು ತಪ್ಪಿರಲಾರದೆಂದು, ಅವಳ ಕಣ್ಣೇ ಸರಿಯಿಲ್ಲವೆಂದು ಸಾಹೇಬರಿಗೆ ಹೇಳಿದ. ಅವಳನ್ನು ಕಣ್ಣಿನ ಡಾಕ್ಟರ ಹತ್ತಿರ ಕಳಿಸಿದರು. ಅಲ್ಲಿ ಹೋದವರು ಬರಿಗೈಲಿ ಬರುವುದುಂಟೇ. ಒಂದು ಸಣ್ಣ ನಂಬರಿನ ಕನ್ನಡಕ ಕೊಟ್ಟರು. ಅದನ್ನು ಹಾಕಿಕೊಂಡು ಅವಳು ಸೀದಾ ಅವನ ಕೋಣೆಗೆ ಬಂದಳು. 'ನೀವು ಹೇಳಿದ್ದು ಒಳ್ಳೇದಾಯ್ತು ಕಣಪ್ಪ, ನಂಗೆ ಗೊತ್ತೇ ಇರಲಿಲ್ಲ' ಎಂದು ಕೈಮುಗಿದಳು. ಅದಾದ ಕೆಲವೇ ದಿನಕ್ಕೆ ಬೇರೇನೋ ಹುಡುಕುತ್ತಿದ್ದಾಗ, ತೆಗೆದುಹಾಕಿದ ಆ ಹೆಸರಿನ ಪಟ್ಟಿಯ ಅಳತೆ ಒತ್ತುವ ಜಾಗಗಳ ಲೆಕ್ಕದಲ್ಲಿ ಹಾಗೇ ಉಳಿದಿರುವುದು ಅವನ ಕಣ್ಣಿಗೆ ಬಿತ್ತು. ಸರಿಪಡಿಸಲು ಒಂದು ನಿಮಿಷದ ಕೆಲಸ. ಆದರೆ ಸರಿಪಡಿಸಿದರೆ ಅವಳ ಕಣ್ಣು ಸರಿಯಿತ್ತೆಂದು ಅವಳಿಗೇ ಹೇಳಬೇಕಿತ್ತು.

"ಆ ಕೈಮುಗಿದದ್ದು ಇಲ್ಲದಿದ್ರೆ ಅವತ್ತೇ ಹೇಳಿಬಿಡ್ತಿದ್ದೆ ಸಾರ್," ಎಂದು ಅವನು ಬರೆಸಿದ. ರೇಡಿಯೊ ಆ ಸಾಲನ್ನು ಎರಡನೇ ಸಲ ಕೇಳಿಸಿಕೊಂಡು ಬರೆದುಕೊಂಡ.

ಲೈನ್‌ಮನ್ನನಿಗೆ ಎಚ್ಚರವಾದದ್ದು ಶುಕ್ರವಾರ. ಹೇಳಿಕೆ ಪಡೆಯಲು ಇನ್‌ಸ್ಪೆಕ್ಟರ್ ಆಸ್ಪತ್ರೆಗೆ ಹೋದಾಗ ಅಕ್ಕ ಮೆಟ್ಟಿಲ ಮೇಲಿರಲಿಲ್ಲ. ಬಾಗಿಲ ಮುಂದಿನ ಬೆಂಚಿನ ಒಂದು ತುದಿಯಲ್ಲಿದ್ದಳು. ಇನ್ನೊಂದು ತುದಿಯಲ್ಲಿ ತಮ್ಮನ ಹೆಂಡತಿ. ನಡುವೆ ಒಂದು ಊಟದ ಡಬ್ಬಿ. ಯಾರು ತಂದದ್ದೋ, ಇಬ್ಬರೂ ತೆರೆದಿರಲಿಲ್ಲ. ಹೆಂಡತಿಯ ಕಾಲಲ್ಲಿ ಈಗ ಜೋಡಿ ಚಪ್ಪಲಿ ಇತ್ತು.

ಇನ್‌ಸ್ಪೆಕ್ಟರ್ ಅಕ್ಕನಿಗೆ ಎಲ್ಲವನ್ನೂ ಹೇಳಿದರು. ಕನ್ನಡಕದ ಮಾತನ್ನೂ. ಅವಳು ಅದನ್ನು ತೆಗೆದು ಮಡಿಲಲ್ಲಿಟ್ಟುಕೊಂಡು, ಎದುರು ಗೋಡೆಯ ಮೇಲಿದ್ದ ಸೂಚನಾ ಫಲಕವನ್ನು ಬಹಳ ಹೊತ್ತು ನೋಡಿದಳು. ಕಣ್ಣಲ್ಲಿ ನೀರು ತುಂಬಿತು. ಒರೆಸಿಕೊಂಡು ಮತ್ತೆ ಹಾಕಿಕೊಂಡಳು.

"ಅಳು ಅಲ್ಲ ಸಾರ್. ಇದಿಲ್ಲದಿದ್ರೆ ಈಗ ಅಕ್ಷರ ಕೂಡಲ್ಲ."

ಒಳಗಿನಿಂದ ಒಣಗಿದ ಗಂಟಲಿನ ದನಿ ಕೇಳಿಸಿತು. "ಹೊರಗಡೆ ಯಾರು, ಮೇಡಂ ಬಂದಿದ್ದಾರಾ?"

ತಮ್ಮನ ಹೆಂಡತಿ ಡಬ್ಬಿಯನ್ನು ಎತ್ತಿ ತನ್ನ ಮಡಿಲಿಗಿಟ್ಟುಕೊಂಡು ದಾರಿ ಬಿಟ್ಟಳು.

"ಹೋಗಿ ಅತ್ತಿಗೆ," ಎಂದಳು. "ಬೆಳಗ್ಗಿಂದ ಅದನ್ನೇ ಕೇಳ್ತಿದ್ದಾರೆ."